ಒಂದು ಸೈಕಲ್, ಮೂರು ಊರು: ವಿಜಯಪುರವೋ, ಬಾಗಲಕೋಟೆಯೋ, ಬೆಳಗಾವಿಯೋ?

ನಮ್ಮ ಬ್ಯಾಂಕಿನಲ್ಲಿ ವರ್ಗಾವಣೆ ಅರ್ಜಿ ತುಂಬುವಾಗ ಬೇಕಾದ ಊರು ಮೂರು ಬರೆಯಬೇಕು. ಒಂದು, ಎರಡು, ಮೂರು ಅಂತ ಖಾನೆ ಇರುತ್ತದೆ. ಈ ಸಲ ಪಕ್ಕದ ಕೌಂಟರಿನ ಹುಡುಗಿ ತನ್ನ ಅರ್ಜಿ ಹಿಡಿದುಕೊಂಡು ನನ್ನ ಹತ್ತಿರ ಬಂದು ಕೂತಳು. ಮೈಸೂರಿನವಳು. ದಿನಾ ಸೈಕಲ್ ಮೇಲೆ ಓಡಾಡಿ ರೂಢಿ. "ಅಕ್ಕಾ, ನೀವು ಬಾಗಲಕೋಟೆ, ಬೆಳಗಾವಿ, ವಿಜಯಪುರ ಮೂರರಲ್ಲೂ ಸೈಕಲ್ ತುಳಿದಿದ್ದೀರಲ್ಲ, ಮೊದಲನೇ ಖಾನೆಗೆ ಯಾವುದು ಬರೀಲಿ?" ಅಂದಳು.

ಎರಡು ಮಾತಲ್ಲಿ ಹೇಳಿ ಕಳಿಸೋಣ ಅಂದುಕೊಂಡೆ, ಆಗಲಿಲ್ಲ. ಅದೇ ಅರ್ಜಿ ನನ್ನ ಡ್ರಾಯರಿನಲ್ಲೂ ಇತ್ತು. ಹುಬ್ಬಳ್ಳಿಗೆ ಬಂದು ಮೂರು ವರ್ಷ ಆಗಿತ್ತು, ಇನ್ನು ಹೊರಡಲೇಬೇಕು. ನನ್ನ ಮೂರು ಖಾನೆಯೂ ಖಾಲಿ ಇದ್ದವು. ಅವಳು ಕೇಳಿದ್ದು ಸೈಕಲ್ಲಿಗೆ ಒಳ್ಳೆಯ ಊರು ಯಾವುದು ಅಂತ. ನಾನು ಎಷ್ಟೋ ದಿನದಿಂದ ಮನಸ್ಸಿನಲ್ಲೇ ಕೇಳಿಕೊಳ್ಳುತ್ತಿದ್ದದ್ದು ನನ್ನ ಊರು ಯಾವುದು ಅಂತ. ಎರಡಕ್ಕೂ ಒಂದೇ ಕಡೆಯಿಂದ ಉತ್ತರ ಹುಡುಕಿದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಕೆಲಸಕ್ಕೆ ಬರುವವರಿಗೂ, ಕಾಲೇಜಿಗೆ ಬರುವವರಿಗೂ, ನಾಲ್ಕು ದಿನ ಸುತ್ತಾಡಲು ಬರುವವರಿಗೂ ಉಪಯೋಗ ಆಗಬಹುದು.

ಅವಸರ ಇರುವವರು ಇಷ್ಟು ತಿಳಿದುಕೊಂಡರೆ ಸಾಕು. ನೆರಳು, ತಂಪು ಬೇಕು, ಏರು ಹತ್ತುವ ಕಸುವಿದೆ ಅನ್ನುವವರಿಗೆ ಬೆಳಗಾವಿ. ಅಗಲ ರಸ್ತೆ, ಕಡಿಮೆ ಗದ್ದಲ ಬೇಕು, ಹೊಸದಾಗಿ ಕಲಿಯಬೇಕು ಅನ್ನುವವರಿಗೆ ಬಾಗಲಕೋಟೆಯ ನವನಗರ. ಸಪಾಟು ನೆಲ, ನೋಡಿದಷ್ಟೂ ಮುಗಿಯದ ಊರು ಬೇಕು, ಬಿಸಿಲು ತಡೆದುಕೊಳ್ಳುತ್ತೇನೆ ಅನ್ನುವವರಿಗೆ ವಿಜಯಪುರ.

ಬಾಗಲಕೋಟೆ

ನಾನು ಸೈಕಲ್ ಕಲಿತದ್ದು ಹಳೇ ಬಾಗಲಕೋಟೆಯ ಒಂದು ಓಣಿಯಲ್ಲಿ. ಅಪ್ಪನ ದೊಡ್ಡ ಕರಿ ಸೈಕಲ್. ಸೀಟಿಗೆ ಕಾಲು ಎಟುಕುತ್ತಿರಲಿಲ್ಲ, ನಡುವಿನ ಪೈಪಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆಯುತ್ತಿದ್ದೆ. ಓಣಿ ಎಷ್ಟು ಇಕ್ಕಟ್ಟು ಅಂದರೆ, ತೋಲ ತಪ್ಪಿದರೆ ಕೈ ಚಾಚಿದ ಕಡೆ ಯಾರದೋ ಮನೆಯ ಕಟ್ಟೆ ಸಿಗುತ್ತಿತ್ತು. ಹಂಗಾಗಿ ಬಿದ್ದದ್ದು ಕಡಿಮೆ. ಕಟ್ಟೆ ಮೇಲೆ ಕೂತ ಅಜ್ಜಿಯರು "ಹಿಡಿ ಹಿಡಿ, ಹ್ಯಾಂಡಲ್ ಬಿಡಬ್ಯಾಡ" ಅಂತ ಕೂಗುತ್ತಿದ್ದರು.

ಆ ಓಣಿ ಈಗ ಇಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದೆ ಸರಿಯುತ್ತಾ ಬಂದು ಊರಿನ ತಗ್ಗು ಭಾಗವನ್ನು ತೆಗೆದುಕೊಂಡಿತು. ನನಗಾಗ 11 ವರ್ಷ. ಬಾಗಿಲು, ಕಿಟಕಿ, ತೊಲೆ ಕಿತ್ತು ಟ್ರ್ಯಾಕ್ಟರಿಗೆ ಹೇರಿ ನವನಗರಕ್ಕೆ ಬಂದೆವು. ಹೊರಡುವಾಗ ಅಪ್ಪ ಬಾಗಿಲ ಮೇಲಿನ ಮನೆ ನಂಬರಿನ ತಗಡು ಬಿಚ್ಚಿಕೊಂಡ. ಅಂಗೈ ಅಗಲದ್ದು, ನೀಲಿ ಬಣ್ಣ, ಒಂದು ಮೂಲೆ ತುಕ್ಕು ಹಿಡಿದಿತ್ತು. "ಹೊಸ ಮನೀಗೆ ಬ್ಯಾರೆ ನಂಬರ್ ಕೊಟ್ಟಾರ. ಇದನ್ನೆಲ್ಲಿ ಹಚ್ಚೂದು?" ಅಂದ. ಆಮೇಲೆ ತಾನೇ ಸೈಕಲ್ಲಿನ ಸೀಟಿನ ಹಿಂದೆ ತಂತಿ ಹಾಕಿ ಕಟ್ಟಿದ. ಆ ಸೈಕಲ್ ಈಗ ನನ್ನದು. ತಗಡು ಅಲ್ಲೇ ಇದೆ. ಹಂಪು ಬಂದಾಗೊಮ್ಮೆ ಟಕ್ ಅನ್ನುತ್ತದೆ.

ನವನಗರ ಅಂದರೆ ಮೊದಲು ನಕ್ಷೆ ಹಾಕಿ ಆಮೇಲೆ ಕಟ್ಟಿದ ಊರು. ಓಣಿಗಳಿಗೆ ಹೆಸರಿಲ್ಲ, ಸೆಕ್ಟರ್ ನಂಬರಿದೆ. ರಸ್ತೆ ಅಗಲ, ನೇರ, ಎದುರಿಗೆ ಬರುವ ಗಾಡಿ ದೂರದಿಂದಲೇ ಕಾಣುತ್ತದೆ. ಬೆಳಗ್ಗೆ ಆರಕ್ಕೆ ಹೊರಟರೆ ನಾಲ್ಕಾರು ಸೆಕ್ಟರ್ ದಾಟುವವರೆಗೆ ಹಾಲಿನವರು, ವಾಕಿಂಗಿನವರು ಬಿಟ್ಟರೆ ಯಾರೂ ಅಡ್ಡ ಬರುವುದಿಲ್ಲ. ಮಕ್ಕಳಿಗೆ ಸೈಕಲ್ ಕಲಿಸಬೇಕಾದರೆ, ಅಥವಾ ನಲವತ್ತು ದಾಟಿದ ಮೇಲೆ ಮೊದಲ ಸಲ ಕಲಿಯುವ ಆಸೆ ಇದ್ದರೆ, ಮೂರೂ ಊರಲ್ಲಿ ಇದರಷ್ಟು ಒಳ್ಳೆಯ ಜಾಗ ಇಲ್ಲ. ಇದನ್ನು ಖಾತ್ರಿಯಿಂದ ಹೇಳುತ್ತೇನೆ. ನನ್ನ ಅವ್ವ 52ನೇ ವಯಸ್ಸಿಗೆ ಇಲ್ಲಿ ಸೈಕಲ್ ಕಲಿತಳು. ಹಳೇ ಊರಲ್ಲಿ ಅವಳಿಗೆ ಆ ಯೋಚನೆಯೂ ಬರುತ್ತಿರಲಿಲ್ಲ.

ಕಷ್ಟ ಇರುವುದು ದೂರದಲ್ಲಿ. ನವನಗರ, ನಡುವೆ ವಿದ್ಯಾಗಿರಿ, ಆಕಡೆ ಹಳೇ ಊರು, ಹೀಗೆ ಮೂರು ಬೇರೆ ಬೇರೆ ಊರಿದ್ದ ಹಾಗೆ. ಸಂತೆಗೆ, ಸರಾಫಿ ಅಂಗಡಿಗೆ, ಒಳ್ಳೆ ಸೀರೆ ಬೇಕಾದರೆ ಹಳೇ ಊರಿಗೇ ಹೋಗಬೇಕು. ಹೋಗುವಾಗ ಇಳಿಜಾರು ಸಿಗುತ್ತದೆ, ಚೀಲ ತುಂಬಿಕೊಂಡು ವಾಪಸ್ ಬರುವಾಗ ವಿದ್ಯಾಗಿರಿಯ ಏರು. ಸೆಕ್ಟರುಗಳೆಲ್ಲ ನೋಡಲು ಒಂದೇ ಥರ, ಹೊಸಬರಿಗೆ ದಾರಿ ತಪ್ಪುವುದು ಗ್ಯಾರಂಟಿ. ಗುರುತಿಗೆ ನೀರಿನ ಟಾಕಿ, ಗುಡಿ, ಶಾಲೆ ಹೀಗೆ ಏನಾದರೂ ಇಟ್ಟುಕೊಳ್ಳಿ.

ಬಾಡಿಗೆ ಮನೆ ಹುಡುಕುವವರಿಗೆ ಇನ್ನೊಂದು ಮಾತು. ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಬೇಕು ಅನ್ನುವುದು ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತ. ಅದು ಆದರೆ ಹಳೇ ಊರಿನ ಇನ್ನಷ್ಟು ಭಾಗ ಹೋಗುತ್ತದೆ. ಬಾಡಿಗೆಗಾದರೆ ಚಿಂತೆ ಇಲ್ಲ. ಜಾಗ ಕೊಳ್ಳುವವರು ಮಾತ್ರ ಹತ್ತು ಸಲ ವಿಚಾರಿಸಿ.

ಸುತ್ತಾಡಲು ಏನಿದೆ ಅಂದರೆ, ಬೆಳಗಿನ ಸಣ್ಣ ಸವಾರಿಗೆ ಮುಚಖಂಡಿ ಕೆರೆ, ಪಕ್ಕದಲ್ಲೇ ವೀರಭದ್ರನ ಗುಡಿ. ಚಳಿಗಾಲದಲ್ಲಿ ಹಿನ್ನೀರಿನ ಅಂಚಿಗೆ ಫ್ಲೆಮಿಂಗೊಗಳೂ ಪಟ್ಟೆತಲೆಯ ಹೆಬ್ಬಾತುಗಳೂ ಬಂದು ಇಳಿಯುತ್ತವೆ. ಹೆರಕಲ್ ಕಡೆ ಹೋದರೆ ಜಾಸ್ತಿ ಸಿಗುತ್ತವೆ. ಕಾಲಿಗೆ ಬಲ ಇದ್ದವರು ಒಂದು ದಿನ ಇಟ್ಟುಕೊಂಡು ಬಾದಾಮಿಗೆ ಹೋಗಿ ಬರಬಹುದು. ಕೃಷ್ಣೆ ಮಲಪ್ರಭೆ ಕೂಡುವ ಕೂಡಲಸಂಗಮಕ್ಕೂ ಅಷ್ಟೇ, ಪೂರ್ತಿ ದಿನ ಬೇಕು. ಹೋಳಿಯ ಬಣ್ಣದ ದಿನಗಳಲ್ಲಿ ಸೈಕಲ್ ಮನೆಯಲ್ಲೇ ಬಿಡಿ. ಹಲಗೆ ಸದ್ದು ಕೇಳುತ್ತಾ, ಬಣ್ಣದ ಬ್ಯಾರಲ್ ತುಂಬಿದ ಬಂಡಿಗಳ ಹಿಂದೆ ನಡೆದೇ ಹೋಗಬೇಕು, ಆ ಊರಿನ ಆ ಹಬ್ಬಕ್ಕೆ ಅದೇ ಚೆಂದ.

ಅಪ್ಪ ಅವ್ವ ಇಬ್ಬರೂ ನವನಗರದಲ್ಲೇ ಇದ್ದಾರೆ. ಕೇಳಿದವರಿಗೆ ನಾನು ಬಾಗಲಕೋಟೆಯವಳು ಅಂತಲೇ ಹೇಳುತ್ತೇನೆ. ಆದರೂ ಊರಿಗೆ ಹೋದಾಗ ಬೆಳಗ್ಗೆ ಸೈಕಲ್ ತೆಗೆದರೆ ಚಕ್ರ ತಾನಾಗೇ ಹಿನ್ನೀರಿನ ಕಡೆ ತಿರುಗುತ್ತದೆ. ಮೇ ತಿಂಗಳಲ್ಲಿ ನೀರು ಇಳಿದಾಗ ಕೆಸರು ಒಣಗಿ ಬಿರುಕು ಬಿಟ್ಟಿರುತ್ತದೆ, ಅಲ್ಲಲ್ಲಿ ಕಲ್ಲು ಕಾಣುತ್ತವೆ. ಅಪ್ಪ ದಂಡೆಯಲ್ಲಿ ನಿಂತು ಕೈ ಚಾಚಿ ತೋರಿಸುತ್ತಾನೆ, "ಅಲ್ನೋಡು, ಆ ಜಾಲಿಗಿಡ ಐತಲ್ಲ, ಅದರ ಆಕಡೆ." ನನಗೆ ಎಷ್ಟು ನೋಡಿದರೂ ಜಾಲಿಗಿಡ ಮಾತ್ರ ಕಾಣುತ್ತದೆ. ವಾಪಸ್ ಬರುವಾಗ ಇಬ್ಬರೂ ಮಾತಾಡುವುದಿಲ್ಲ. ನವನಗರದ ಅಷ್ಟು ಚೆಂದದ ರಸ್ತೆಗಳ ಮೇಲೆ ನಾನು ಇಷ್ಟು ವರ್ಷ ಇಲ್ಲದ ಒಂದು ಓಣಿಯನ್ನು ಹುಡುಕುತ್ತಾ ತುಳಿದಿದ್ದೇನೆ. ಅದು ಆ ರಸ್ತೆಗಳ ತಪ್ಪಲ್ಲ. ಹೊಸದಾಗಿ ಬರುವ ನಿಮಗೆ ಈ ಭಾರ ಇರುವುದಿಲ್ಲ, ಆರಾಮಾಗಿ ತುಳಿಯಬಹುದು.

ಬೆಳಗಾವಿ

ಬೆಳಗಾವಿಯಲ್ಲಿ ನಾಲ್ಕು ವರ್ಷ ಇದ್ದೆ, ಟಿಳಕವಾಡಿಯಲ್ಲಿ ಬಾಡಿಗೆ ಮನೆ. ಬಾಗಲಕೋಟೆಯ ಬಿಸಿಲಿನಿಂದ ಹೋದವಳಿಗೆ ಮೊದಲ ಬೆಳಗಿನ ಗಾಳಿಯೇ ಬೇರೆ ಅನ್ನಿಸಿತು. ಊರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಸಹ್ಯಾದ್ರಿ ಪಕ್ಕದಲ್ಲೇ ಇದೆ. ಏಪ್ರಿಲ್ ತಿಂಗಳಲ್ಲೂ ಸಂಜೆ ಸೈಕಲ್ ತುಳಿಯಬಹುದು. ನಮ್ಮ ಬಯಲುಸೀಮೆಯವರಿಗೆ ಅದೊಂದು ದೊಡ್ಡ ಭಾಗ್ಯ.

ಕ್ಯಾಂಪ್, ಅಂದರೆ ದಂಡು ಪ್ರದೇಶದ ರಸ್ತೆಗಳು ಈ ಮೂರೂ ಊರಲ್ಲಿ ಅತ್ಯಂತ ಚೆಂದದ ಸೈಕಲ್ ರಸ್ತೆಗಳು. ಎರಡೂ ಬದಿ ಹಳೇ ಮರಗಳು, ದಂಡಿನ ಶಿಸ್ತು, ಕಸ ಕಡಿಮೆ. ಭಾನುವಾರ ಬೆಳಗ್ಗೆ ಕ್ಯಾಂಪ್ ಸುತ್ತಿ, ಕೋಟೆಯ ಕಂದಕ ದಾಟಿ ಒಳಗೆ ಹೋಗಿ, 1204ರಲ್ಲಿ ಕಟ್ಟಿದ ಕಮಲ ಬಸದಿಯ ಮುಂದೆ ಸೈಕಲ್ ನಿಲ್ಲಿಸಿ, ಒಳಗೆ ಛತ್ತಿನಿಂದ ಇಳಿಬಿದ್ದ ಕಲ್ಲಿನ ಕಮಲ ನೋಡಿ ಬರುವುದು ನನ್ನ ವಾರದ ರೂಢಿಯಾಗಿತ್ತು. ವಾಪಸ್ ಬರುವಾಗ ಕಾಂಗ್ರೆಸ್ ರಸ್ತೆ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ನಡೆದದ್ದು ಇಲ್ಲಿ. ಆಗ ನೀರಿಗಾಗಿ ತೋಡಿದ ಬಾವಿಯೂ, ವೀರಸೌಧವೂ ದಾರಿಯಲ್ಲೇ ಸಿಗುತ್ತವೆ. ಸಂಜೆಗೆ ವ್ಯಾಕ್ಸಿನ್ ಡಿಪೋ ಮೈದಾನ ಇದೆ, ಊರ ನಡುವೆ ಇಷ್ಟು ಮರ ಎಲ್ಲಿ ಸಿಗಬೇಕು.

ಇನ್ನು ಕಷ್ಟಗಳು. ಊರು ಏರು ತಗ್ಗು. ಗೇರ್ ಇಲ್ಲದ ಸೈಕಲ್ಲಿಗೆ ತೊಡೆ ಹಿಡಿಯುತ್ತದೆ. ಅಪ್ಪನ ಸೈಕಲ್ ಅಲ್ಲಿ ಒಂದೇ ವರ್ಷ ಓಡಿಸಿದೆ, ಆಮೇಲೆ ಗೇರ್ ಸೈಕಲ್ ಕೊಳ್ಳಬೇಕಾಯಿತು. ಸಂಜೆ ಗಣಪತ ಗಲ್ಲಿ, ಖಡೇ ಬಜಾರ ಕಡೆ ಸೈಕಲ್ ತಳ್ಳಿಕೊಂಡು ಹೋಗುವುದೂ ಕಷ್ಟ. ಟಿಳಕವಾಡಿಯಲ್ಲಿ ರೈಲ್ವೆ ಗೇಟು ಬಿದ್ದರೆ ಕಾಯುವುದೇ. ಸ್ಮಾರ್ಟ್ ಸಿಟಿ ಕೆಲಸದಲ್ಲಿ ಕೆಲವು ರಸ್ತೆಗಳ ಬದಿಗೆ ಸೈಕಲ್ ದಾರಿ ಹಾಕಿದ್ದಾರೆ. ಅದರ ಮೇಲೆ ಕಾರು ನಿಂತಿರುತ್ತದೆ. ಸೈಕಲ್ಲಿನವರು ಜಾಸ್ತಿ ಆದಷ್ಟೂ ಕಾರಿನವರು ಆ ಜಾಗ ಬಿಡಬಹುದು, ನನಗೆ ಆ ಆಸೆ ಇನ್ನೂ ಇದೆ.

ಮಳೆಯ ಮಾತು ಬೇರೆಯೇ ಹೇಳಬೇಕು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯಲ್ಲಿ ದಿನಗಟ್ಟಲೆ ಜಿಟಿಜಿಟಿ. ವಿಜಯಪುರದಲ್ಲಿ ವರ್ಷಕ್ಕೆ ಬೀಳುವ ಮಳೆಯ ಎರಡು ಪಟ್ಟಿಗೂ ಜಾಸ್ತಿ ಇಲ್ಲಿ ಬೀಳುತ್ತದೆ. ರಿಮ್ಮು ಒದ್ದೆಯಾದರೆ ಬ್ರೇಕ್ ಹಿಡಿಯುವುದಿಲ್ಲ. ಬ್ರೇಕಿನ ರಬ್ಬರ್ ಬೇಗ ಸವೆಯುತ್ತದೆ. ಹಬ್ಬಕ್ಕೆ ಮನೆ ಸಾರಿಸುವಂತೆ ನಾನು ಮಳೆಗಾಲಕ್ಕೆ ಮೊದಲು ನಾಲ್ಕೂ ರಬ್ಬರ್ ಬದಲಿಸುತ್ತಿದ್ದೆ. ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಒಂದನ್ನೇ ಒತ್ತಬೇಡಿ. ಎರಡನ್ನೂ ಮೆಲ್ಲಗೆ, ಬಿಟ್ಟು ಬಿಟ್ಟು ಒತ್ತಿ.

ಇಷ್ಟಿದ್ದರೂ ಮಳೆ ಬಿಟ್ಟ ಒಂದು ಬೆಳಗ್ಗೆ ಯಳ್ಳೂರು ಗುಡ್ಡ ಹತ್ತಿದರೆ ಎಲ್ಲ ಮರೆಯುತ್ತದೆ. ಮೇಲೆ ರಾಜಹಂಸಗಡ ಕೋಟೆ. ಕೊನೆಯ ಏರು ಖಡಕ್, ನಾನು ಇಳಿದು ತಳ್ಳಿದ್ದೇ ಹೆಚ್ಚು. ಮೇಲೆ ನಿಂತರೆ ಸುತ್ತಲೂ ಭತ್ತದ ಗದ್ದೆ, ಹಸಿರು, ಮೋಡ ಕೆಳಗೆ. ಜಾಂಬೋಟಿ ರಸ್ತೆಯೂ ಹಾಗೇ, ಹೋದಷ್ಟೂ ಕಾಡು ದಟ್ಟ ಆಗುತ್ತದೆ.

ಬೆಳಗಾವಿ ನನ್ನನ್ನು ಚೆನ್ನಾಗಿ ನೋಡಿಕೊಂಡಿತು. ಕಾಯಿಪಲ್ಲೆ ಮಾರುವ ಹೆಂಗಸು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಮಾತಾಡಿಸಿ ಒಂದು ಹಿಡಿ ಕೊತ್ತಂಬರಿ ಜಾಸ್ತಿ ಹಾಕುತ್ತಿದ್ದಳು. ಮನೆಯ ಒಡತಿ ಹಬ್ಬಕ್ಕೆ ಕುಂದಾ ಕೊಡುತ್ತಿದ್ದರು. ಎಲ್ಲ ಇತ್ತು. ಆದರೆ ಬೀಗರ ಮನೆಯಲ್ಲಿ ಇದ್ದ ಹಾಗೆ ಇದ್ದೆ. ಬೀಗರ ಮನೆಯಲ್ಲಿ ಊಟ ಎಷ್ಟು ಚೆನ್ನಾಗಿದ್ದರೂ ಕಾಲು ಚಾಚಿ ಕೂರುವುದಿಲ್ಲ ನಾವು, ಅಲ್ವಾ? ಹಾಗೆ.

ವಿಜಯಪುರ

ವಿಜಯಪುರಕ್ಕೆ ವರ್ಗವಾದಾಗ ನನಗೆ ಬೇಜಾರಾಗಿತ್ತು. ಬೆಳಗಾವಿ ಬಿಟ್ಟು ಮತ್ತೆ ಬಿಸಿಲಿಗೆ ಅಂತ. ಹೋದ ಮೂರನೇ ದಿನ ಬೆಳಗ್ಗೆ ಐದೂವರೆಗೆ ಊರ ಹೊರಗೆ ಸೈಕಲ್ ತೆಗೆದುಕೊಂಡು ಹೋದೆ. ಹಿಂದಿನಿಂದ ಸರ್ ಅಂತ ಸದ್ದು ಬಂತು. ತಿರುಗಿ ನೋಡುವಷ್ಟರಲ್ಲಿ ಹತ್ತು ಹನ್ನೆರಡು ಹುಡುಗ ಹುಡುಗಿಯರು, ಬೆನ್ನು ಬಗ್ಗಿಸಿ, ಒಬ್ಬರ ಚಕ್ರಕ್ಕೆ ಒಬ್ಬರ ಚಕ್ರ ಹಚ್ಚಿ ಸಾಲಾಗಿ ದಾಟಿ ಹೋದರು. ಕೊನೆಯ ಹುಡುಗಿ, ಹದಿನಾಲ್ಕು ಇರಬಹುದು, ಹೋಗುತ್ತಾ "ಬರ್ರಿ ಅಕ್ಕಾರ!" ಅಂದಳು. ಅಪ್ಪನ ಸೈಕಲ್ ಮೇಲೆ ಅವರ ಹಿಂದೆ ಹೋಗುವುದು ಆಗದ ಮಾತು. ಆದರೂ ಅವತ್ತು ನಾನು ಎಷ್ಟೋ ದಿನದ ಮೇಲೆ ಜೋರಾಗಿ ತುಳಿದೆ.

ಈ ಜಿಲ್ಲೆಗೆ ಸೈಕಲ್ ಅಂದರೆ ಬರೀ ಓಡಾಟದ ಸಾಮಾನು ಅಲ್ಲ. ಸರ್ಕಾರದ ಸೈಕ್ಲಿಂಗ್ ಕ್ರೀಡಾ ನಿಲಯ ವಿಜಯಪುರದಲ್ಲಿದೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಹಳ್ಳಿ ಮಕ್ಕಳು ರಾಷ್ಟ್ರ ಮಟ್ಟದಲ್ಲಿ ಎಷ್ಟೋ ಪದಕ ತಂದಿದ್ದಾರೆ. ಜಾತ್ರೆಗಳಲ್ಲಿ ಎತ್ತಿನ ಬಂಡಿ ಶರ್ಯತ್ತಿನ ಹಾಗೆ ಸೈಕಲ್ ಶರ್ಯತ್ತೂ ಇರುತ್ತದೆ. ಒಕ್ಕಲುತನದ ಮನೆಯ ಹುಡುಗ ಶರ್ಯತ್ತು ಗೆದ್ದು, ಅಲ್ಲಿಂದ ನಿಲಯಕ್ಕೆ ಬಂದು, ಮುಂದೆ ರೈಲ್ವೆಯಲ್ಲೋ ಸೈನ್ಯದಲ್ಲೋ ನೌಕರಿ ಹಿಡಿಯುವುದು ಇಲ್ಲಿ ಮನೆಮನೆಯ ಕನಸು. ಅದಕ್ಕೇ ಇಲ್ಲಿ ರಸ್ತೆಯಲ್ಲಿ ಸೈಕಲ್ಲಿಗೆ ಒಂದು ಮರ್ಯಾದೆ ಇದೆ. ಸೈಕಲ್ ಮೇಲೆ ಬ್ಯಾಂಕಿಗೆ ಬರುವ ಹೆಂಗಸನ್ನು ನೋಡಿ "ಗಾಡಿ ತೊಗೋಬಾರದೇನ್ರಿ?" ಅಂತ ಬೇರೆ ಕಡೆ ಕೇಳಿದಷ್ಟು ಇಲ್ಲಿ ಕೇಳಲಿಲ್ಲ. "ದಿನಕ್ಕ ಎಷ್ಟು ಕಿಲೋಮೀಟರ್ ಹೊಡೀತೀರಿ?" ಅಂತ ಕೇಳಿದರು.

ನೋಡುವ ಜಾಗಗಳ ವಿಷಯಕ್ಕೆ ಬಂದರೆ ಹೋಲಿಕೆ ಅಲ್ಲಿಗೇ ಮುಗಿಯಿತು. ಸೈಕಲ್ ಮೇಲೆ ನೋಡಲಿಕ್ಕೆಂದೇ ಮಾಡಿದ ಊರು ಇದು. ಹಳೇ ಕೋಟೆ ಗೋಡೆ ಸುತ್ತು ಹಾಕಿದರೆ ಸುಮಾರು 10 ಕಿ.ಮೀ. ಬಹುಪಾಲು ಅಷ್ಟರೊಳಗೇ ಇದೆ. ನೆಲ ಹೆಚ್ಚು ಕಡಿಮೆ ಸಪಾಟು. ನಡೆದರೆ ದಣಿವು, ಕಾರಾದರೆ ಗಲ್ಲಿಗೆ ಹೋಗುವುದಿಲ್ಲ, ಟಾಂಗಾ ಚೆಂದ ಆದರೆ ನಮಗೆ ಬೇಕಾದ ಕಡೆ ನಿಲ್ಲಿಸಿಕೊಂಡು ಕೂರಲಾಗುವುದಿಲ್ಲ. ನನ್ನ ದಾರಿ ಹೀಗೆ: ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಪೂರ್ವದ ಗೋಳಗುಮ್ಮಟ. 1656ರಲ್ಲಿ ಮುಗಿದ ಮೊಹಮ್ಮದ್ ಆದಿಲ್ ಶಾಹನ ಗೋರಿ. ಜನ ಬರುವ ಮೊದಲೇ ಮೇಲಿನ ಪಿಸುಗುಟ್ಟುವ ಗ್ಯಾಲರಿಗೆ ಹತ್ತಬೇಕು. ಶಾಲೆ ಮಕ್ಕಳ ಟ್ರಿಪ್ ಬಂದರೆ ಕೂಗಾಟ ಬಿಟ್ಟು ಬೇರೇನೂ ಕೇಳುವುದಿಲ್ಲ. ಇಳಿದು ಜುಮ್ಮಾ ಮಸೀದಿ, ಅಸರ್ ಮಹಲ್, ಗಗನ ಮಹಲ್, ಹಾಗೇ ಬಾರಾ ಕಮಾನ್. ಎರಡನೇ ಅಲಿ ಆದಿಲ್ ಶಾಹ ತನಗಾಗಿ ಕಟ್ಟಿಸಲು ಹೊರಟು ಮುಗಿಸಲಾಗದೆ ಬಿಟ್ಟ ಗೋರಿ ಅದು. ಆಕಾಶದ ಕೆಳಗೆ ಬರೀ ಕಮಾನುಗಳು. ನನಗೆ ಗೋಳಗುಮ್ಮಟಕ್ಕಿಂತ ಇದೇ ಇಷ್ಟ. ಸಂಜೆ ಹುಲ್ಲಿನ ಮೇಲೆ ಮಕ್ಕಳು ಆಡುತ್ತಿರುತ್ತಾರೆ, ಹೆಂಗಸರು ಡಬ್ಬಿ ಬಿಚ್ಚಿ ಚುರುಮುರಿ ಹಂಚುತ್ತಿರುತ್ತಾರೆ.

ಅಲ್ಲಿಂದ ಪಶ್ಚಿಮಕ್ಕೆ ಉಪ್ಪಲಿ ಬುರುಜು. ಹೊರಗಿನಿಂದಲೇ ಸುತ್ತು ಮೆಟ್ಟಿಲು. ಮೇಲೆ ನಿಂತರೆ ಇಡೀ ಊರು ಕಾಣುತ್ತದೆ, ಹೊಸಬರು ಮೊದಲ ದಿನ ಇಲ್ಲಿಗೇ ಬಂದು ದಾರಿ ಗುರುತು ಹಾಕಿಕೊಳ್ಳಿ. ಹತ್ತಿರವೇ ಶೆರ್ಜಾ ಬುರುಜಿನ ಮೇಲೆ ಸುಮಾರು 55 ಟನ್ನಿನ ಮಲಿಕ್-ಎ-ಮೈದಾನ್ ತೋಪು. ಆಮೇಲೆ ತಾಜ್ ಬಾವಡಿ, ಗೋಡೆಯ ಆಚೆ ಇಬ್ರಾಹಿಂ ರೋಜಾ. ರೋಜಾದಲ್ಲಿ ಕಲ್ಲಿನ ಕಿಟಕಿಗಳನ್ನು ಹತ್ತಿರದಿಂದ ನೋಡಿ. ಅಕ್ಷರಗಳನ್ನೇ ಜಾಲರಿಯಾಗಿ ಕೆತ್ತಿದ್ದಾರೆ, ಅವುಗಳ ನಡುವಿನಿಂದ ಬೆಳಕು ಬರುತ್ತದೆ. ಎಲ್ಲೇ ದಾರಿ ತಪ್ಪಿದರೂ ತಲೆ ಎತ್ತಿದರೆ ಗುಮ್ಮಟ ಕಾಣುತ್ತದೆ. ಅದನ್ನು ಹಿಡಿದು ಹೊರಟರೆ ಸಾಕು.

ಕಷ್ಟ ಎರಡು. ಒಂದು ಬಿಸಿಲು. ಮಾರ್ಚ್ ಮಧ್ಯದಿಂದ ಮೇ ಕೊನೆವರೆಗೆ ಒಂಬತ್ತರ ಮೇಲೆ ಸೈಕಲ್ ತುಳಿಯುವುದು ಬೇಡ, 40 ಡಿಗ್ರಿ ದಾಟುವ ದಿನಗಳು ಬಹಳ. ಲಿಂಬೆಹಣ್ಣಿಗೆ ಇದೇ ಜಿಲ್ಲೆಯ ಇಂಡಿ ಹೆಸರುವಾಸಿ, ಉಪ್ಪು ಸಕ್ಕರೆ ಹಾಕಿದ ಲಿಂಬೆ ಶರಬತ್ತು ಬಾಟಲಿಯಲ್ಲಿ ಜೊತೆಗಿರಲಿ. ಎರಡನೆಯದು ಜಾಲಿಮುಳ್ಳು. ಊರ ಹೊರಗೆ ಪೂರ್ತಿ ಬಳ್ಳಾರಿ ಜಾಲಿ. ಮಳೆಗಾಲದಲ್ಲಿ ಎರೆಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಚಕ್ರ ತಿರುಗದ ಹಾಗೆ ಮಾಡುತ್ತದೆ, ಅದಕ್ಕೆ ಒಂದು ಕಟ್ಟಿಗೆ ಚೂರು ಇಟ್ಟುಕೊಳ್ಳಿ. ಡಾಂಬರು ಬಿಟ್ಟು ಇಳಿಯದಿದ್ದರೆ ಇನ್ನೂ ಒಳ್ಳೆಯದು.

ಮೊದಲ ತಿಂಗಳು ನನಗೆ ಐದು ಪಂಕ್ಚರ್. ಮನೆ ಹತ್ತಿರ ಒಬ್ಬ ಮುದುಕ ಚಾಚಾನ ಅಂಗಡಿ. ಅಂಗಡಿ ಅಂದರೆ ಬೇವಿನ ಮರ, ಒಂದು ಪೆಟ್ಟಿಗೆ, ನೀರು ತುಂಬಿದ ಬೋಗುಣಿ, ಪಂಪು. ಟಾಯರಿನ ಒಂದು ಬದಿ ಎಬ್ಬಿಸಿ ಟ್ಯೂಬು ಹೊರಗೆಳೆದು, ಗಾಳಿ ಹೊಡೆದು, ನೀರಲ್ಲಿ ಅದ್ದಿ ತಿರುಗಿಸುತ್ತಾನೆ. ಗುಳ್ಳೆ ಬಂದ ಕಡೆ ಕಡ್ಡಿಯಿಂದ ಗುರುತು. ಒರೆಸಿ, ಉಪ್ಪುಕಾಗದದಿಂದ ತಿಕ್ಕಿ, ಸೊಲ್ಯೂಶನ್ ಹಚ್ಚಿ ಊದುತ್ತಾ ಕಾಯುತ್ತಾನೆ. ತೇಪೆ ಹಚ್ಚಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾನೆ. ಅಷ್ಟಾದ ಮೇಲೆ ಮುಖ್ಯ ಕೆಲಸ: ಬೆರಳನ್ನು ಟಾಯರಿನ ಒಳಗೆ ಹಾಕಿ ಸುತ್ತಲೂ ಸವರುತ್ತಾನೆ. ಮುಳ್ಳಿನ ತುದಿ ಒಳಗೇ ಉಳಿದಿದ್ದರೆ ಮನೆ ಮುಟ್ಟುವಷ್ಟರಲ್ಲಿ ಮತ್ತೆ ಗಾಳಿ ಹೋಗುತ್ತದೆ. ಐದನೇ ಸಲ ಅವನು ನನ್ನ ಬೆರಳನ್ನೇ ಹಾಕಿಸಿದ. "ಸವರಿ ನೋಡು ಬೇಟಿ, ನಿನಗ ಗೊತ್ತಾಗಬೇಕು. ಬಯಲಾಗ ನಾ ಸಿಗೂದಿಲ್ಲ" ಅಂದ. ಎದ್ದು ನಿಂತು ಸೀಟಿನ ಹಿಂದಿನ ತಗಡು ನೋಡಿ "ಯಾವ ಮನೀ ನಂಬರ್ ಇದು?" ಅಂತ ಕೇಳಿದ. ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ತಂತಿ ಸಡಿಲಾಗಿತ್ತು. ಪೆಟ್ಟಿಗೆಯಿಂದ ಒಂದು ನಟ್ಟು, ಬೋಲ್ಟು ತೆಗೆದು ಸರಿಯಾಗಿ ಕೂರಿಸಿಕೊಟ್ಟ. ದುಡ್ಡು ಬೇಡ ಅಂದ.

ಅದಾದ ಕೆಲವು ತಿಂಗಳಿಗೆ, ಒಂದು ಸಂಜೆ ಬ್ಯಾಂಕಿನಿಂದ ಹೊರಡುವಾಗ ಅವ್ವನ ಫೋನ್ ಬಂತು. "ಏನ್ ಮಾಡಾಕತ್ತಿ?" ಅಂದಳು. "ಮನೀಗೆ ಹೊಂಟೀನಿ" ಅಂದೆ. "ಬಾಗಲಕೋಟಿಗೆ ಬರಾಕತ್ತಿಯೇನು? ಮೊದಲಽ ಹೇಳಬಾರದಾ, ರೊಟ್ಟಿ ಜಾಸ್ತಿ ಬಡೀತಿದ್ದೆ" ಅಂದಳು. ನಾನು ಗಾಂಧಿ ಚೌಕದ ಹತ್ತಿರ ಸೈಕಲ್ ಹಿಡಿದು ನಿಂತಿದ್ದೆ. ಬೆಳಗಾವಿಯಲ್ಲಿ ನಾಲ್ಕು ವರ್ಷ "ರೂಮಿಗೆ ಹೊಂಟೀನಿ" ಅಂತಲೇ ಹೇಳಿದ್ದೆ. ಆ ಪದ ಯಾವಾಗ ಬದಲಾಯಿತೋ ಗೊತ್ತೇ ಆಗಿರಲಿಲ್ಲ. ಅವ್ವನಿಗೆ ಅವತ್ತು ಏನೂ ಹೇಳಲಿಲ್ಲ. "ಇಲ್ಲವ್ವಾ, ಭಾನುವಾರ ಬರ್ತೀನಿ" ಅಂದೆ.

ಗಾಳಿಯ ವಿಷಯ

ಮೂರೂ ಊರಿಗೆ ಸೇರಿದ ಮಾತು ಇದು, ಹೊಸಬರಿಗೆ ಯಾರೂ ಹೇಳುವುದಿಲ್ಲ. ಜೂನಿನಿಂದ ಆಗಸ್ಟ್‌ವರೆಗೆ, ಆಷಾಢದಲ್ಲಂತೂ, ಪಶ್ಚಿಮದಿಂದ ಗಾಳಿ ಬಿಡದೆ ಬೀಸುತ್ತದೆ. ಬೆಳಗಾವಿಯಲ್ಲಿ ಮರ, ಗುಡ್ಡ ತಡೆಯುತ್ತವೆ. ವಿಜಯಪುರದ ಬಯಲಲ್ಲಿ ತಡೆಯುವುದು ಏನೂ ಇಲ್ಲ. ಆ ದಿನಗಳಲ್ಲಿ ಹೊರಗೆ ಹೋಗುವುದಾದರೆ ಮೊದಲು ಪಶ್ಚಿಮಕ್ಕೆ, ತಿಕೋಟಾ ಕಡೆ, ಎದುರು ಗಾಳಿಗೆ ತುಳಿಯಿರಿ. ವಾಪಸ್ ಬರುವಾಗ ಗಾಳಿಯೇ ಮನೆಗೆ ತಂದು ಬಿಡುತ್ತದೆ. ನಾನು ಒಂದು ಸಲ ತಿರುಗಾಮುರುಗಾ ಮಾಡಿ, ಪೂರ್ವಕ್ಕೆ ಕುಮಟಗಿಯವರೆಗೆ ಹೂವಿನ ಹಾಗೆ ಹಾರಿ ಹೋದೆ. ಬರುವಾಗ ಆ ದಾರಿಗೆ ಎರಡರಷ್ಟು ಹೊತ್ತು ಹಿಡಿಯಿತು.

ಅರ್ಜಿ

ಮೈಸೂರಿನ ಹುಡುಗಿಗೆ ನಾನು ಬೆಳಗಾವಿಯನ್ನೇ ಮೊದಲು ಬರೆಯಲು ಹೇಳಿದೆ. ಅವಳಿಗೆ ಮಳೆ, ಮರ, ಏರು ಎಲ್ಲ ಗೊತ್ತಿರುವುದೇ, ಅವಳ ಹತ್ತಿರ ಗೇರ್ ಸೈಕಲ್ ಇದೆ. ಎರಡನೆಯದು ವಿಜಯಪುರ. ಬಿಸಿಲು ತಡೆಯುತ್ತದೋ ಇಲ್ಲವೋ ನೋಡಲು ಜನವರಿಯಲ್ಲಿ ಸಂಕ್ರಾಂತಿಗೆ ಒಮ್ಮೆ ಬಂದು ಸಿದ್ಧೇಶ್ವರ ಜಾತ್ರೆ ಮಾಡಿ ಹೋಗಬೇಡ, ಆಗ ತಂಪಿರುತ್ತದೆ, ಏಪ್ರಿಲ್‌ನಲ್ಲಿ ನಾಲ್ಕು ದಿನ ಬಂದು ನೋಡು ಅಂದೆ. ಸಣ್ಣ ಮಕ್ಕಳಿದ್ದವರು ಕೇಳಿದ್ದರೆ ಬಾಗಲಕೋಟೆ ಮೊದಲು ಅನ್ನುತ್ತಿದ್ದೆ.

"ಮತ್ತೆ ನೀವು?" ಅಂದಳು.

ನಾನು ಮೊದಲನೇ ಖಾನೆಯಲ್ಲಿ ವಿಜಯಪುರ ಅಂತ ಬರೆದೆ. ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳುವಾಗ ಗಂಟಲು ಒಣಗಿತ್ತು. ಬಾಗಲಕೋಟೆಗೆ ಬರುವ ಅವಕಾಶ ಇದ್ದೂ ಬರೆದಿಲ್ಲ ಅಂತ ಹೇಳಬೇಕಲ್ಲ. ಅಪ್ಪ ಪೂರ್ತಿ ಕೇಳಿ, "ಸೈಕಲ್ ಹೆಂಗ ಒಯ್ತಿ?" ಅಂದ.

ಆರ್ಡರ್ ಬಂತು. ಹುಬ್ಬಳ್ಳಿಯಿಂದ ಸಾಮಾನು ಟೆಂಪೋದಲ್ಲಿ ಹೋಯಿತು. ಸೈಕಲ್ ಮಾತ್ರ ಬಾಗಲಕೋಟೆ ಮನೆಯಲ್ಲಿತ್ತು, ಅದನ್ನು ತುಳಿದುಕೊಂಡೇ ಹೋಗುತ್ತೇನೆ ಅಂದೆ. ಅಪ್ಪ ಎರಡು ದಿನ ಕೂತು ಚೈನು ತೊಳೆದು ಎಣ್ಣೆ ಬಿಟ್ಟ, ಹಿಂದಿನ ಚಕ್ರದ ಔಟ್, ಅಂದರೆ ಓಲಾಟ, ತೆಗೆಸಿದ, ಹೊಸ ಟ್ಯೂಬು ಹಾಕಿಸಿದ.

ಈ ದಾರಿ ಹಿಡಿಯುವವರಿಗೆ ನಾಲ್ಕು ಮಾತು. 80 ಕಿ.ಮೀ. ಮೇಲಾಗುತ್ತದೆ. ಬೆಳಗ್ಗೆ ಐದಕ್ಕೆ ಹೊರಡಿ. ಗದ್ದನಕೇರಿ ಕ್ರಾಸ್, ಅನಗವಾಡಿ ದಾಟಿ ದೊಡ್ಡ ರಸ್ತೆ, ಲಾರಿ ಬಹಳ, ಎಡಕ್ಕೆ ಬಿಳಿ ಗೆರೆಯ ಆಚೆಯೇ ಇರಿ. ಕೊರ್ತಿ ಕೊಲ್ಹಾರ ಸೇತುವೆ ಸುಮಾರು 3 ಕಿ.ಮೀ. ಉದ್ದ, ಕೆಳಗೆ ಕೃಷ್ಣೆಯ ಹಿನ್ನೀರು. ಜೂನಿನಲ್ಲಿ ಹೋದರೆ ಎಡಗಡೆಯಿಂದ ಗಾಳಿ ಹೊಡೆಯುತ್ತದೆ, ಲಾರಿ ದಾಟಿದ ಕೂಡಲೇ ಹ್ಯಾಂಡಲ್ ಎಳೆಯುತ್ತದೆ. ಎರಡೂ ಕೈಯಲ್ಲಿ ಗಟ್ಟಿ ಹಿಡಿಯಿರಿ. ನಾನು ಹೋದಾಗ ಮಳೆ ಇನ್ನೂ ಹಿಡಿದಿರಲಿಲ್ಲ, ನೀರು ಕೆಳಗೆ ಇಳಿದಿತ್ತು. ನಮ್ಮ ಓಣಿಯನ್ನು ಮುಚ್ಚಿದ ನೀರೂ ಇದೇ. ಸೇತುವೆಯ ಮೇಲೆ ಪ್ರತಿ ಜಾಯಿಂಟಿಗೂ ತಗಡು ಟಕ್, ಟಕ್ ಅನ್ನುತ್ತಿತ್ತು. ಚಾಚಾ ಹಾಕಿದ ಬೋಲ್ಟು ಅಷ್ಟು ಗಟ್ಟಿ ಇತ್ತು, ಸದ್ದು ಯಾಕೆ ಬರುತ್ತಿದೆ ಅಂತ ಇಳಿದು ನೋಡಿದೆ. ಅಪ್ಪ ಅದನ್ನು ಅರ್ಧ ಸುತ್ತು ಸಡಿಲ ಮಾಡಿದ್ದ.

ಸೇತುವೆ ದಾಟಿದರೆ ಕೊಲ್ಹಾರ, ಹೆಚ್ಚು ಕಡಿಮೆ ನಡುದಾರಿ. ಅಲ್ಲಿಯ ಗಡಿಗೆ ಮೊಸರು ಬಿಟ್ಟು ಮುಂದೆ ಹೋಗಬೇಡಿ. ಗಟ್ಟಿ, ಕೆನೆ ಹಳದಿ, ಗಡಿಗೆ ಬೋರಲು ಹಾಕಿದರೂ ಬೀಳುವುದಿಲ್ಲ. ಮನೆಗೆ ಒಯ್ಯೋಣ ಅಂತ ಕ್ಯಾರಿಯರಿಗೆ ಕಟ್ಟಬೇಡಿ, ಮುಂದಿನ ರಸ್ತೆಗೆ ಗಡಿಗೆ ಉಳಿಯುವುದಿಲ್ಲ. ನೆರಳು ನೋಡಿ ಸೈಕಲ್ ಒರಗಿಸಿ, ಮನೆಯಿಂದ ಕಟ್ಟಿಸಿಕೊಂಡು ಬಂದ ರೊಟ್ಟಿ ಬಿಚ್ಚಿ ಅಲ್ಲೇ ಕೂತು ತಿಂದು, ಬಿಸಿಲು ಜೋರಾಗುವ ಮೊದಲೇ ವಿಜಯಪುರ ಮುಟ್ಟುವ ಹಾಗೆ ಹೊರಡಿ.